ಖಿನ್ನತೆ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆಯೇ?

(ಸಾರ್ವಜನಿಕರಿಗಾಗಿ ನಡೆದ ಆರೋಗ್ಯ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಕೊನೆಯ ಬಸ್ಸು ಹಿಡಿಯಬೇಕಾದವರು ಸಭೆಯಲ್ಲಿ ಇರಬಹುದು, ಅದಕ್ಕೇ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಣುವುದಿಲ್ಲ. ಒಬ್ಬರ ಮಿದುಳಿನ ಎಂಆರ್‌ಐ ತೆಗೆದು "ಇವರಿಗೆ ಖಿನ್ನತೆ ಇದೆ" ಅಥವಾ "ಇವರಿಗಿಲ್ಲ" ಎಂದು ಹೇಳುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಲ್ಲ, ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲೂ ಇಲ್ಲ.

ಆದರೂ ನಮ್ಮ ಹತ್ತಿರ ಬರುವವರಲ್ಲಿ ಎಷ್ಟೋ ಮಂದಿ ಕಂಕುಳಲ್ಲಿ ಆ ದೊಡ್ಡ ಸ್ಕ್ಯಾನಿಂಗ್ ಕವರ್ ಇಟ್ಟುಕೊಂಡೇ ಬರುತ್ತಾರೆ. "ಡಾಕ್ಟ್ರೇ, ಎಲ್ಲಾ ನಾರ್ಮಲ್ ಅಂತ ಬಂದಿದೆ" ಅನ್ನುತ್ತಾರೆ. ಹೇಳುವಾಗ ಮುಖದಲ್ಲಿ ಸಮಾಧಾನ ಇರುವುದಿಲ್ಲ. ಜೊತೆಗೆ ಬಂದ ಅತ್ತೆಯೋ ಗಂಡನೋ, "ನೋಡಿ ಸಾರ್, ಏನೂ ಇಲ್ಲ. ಸುಮ್ನೆ ಮನಸ್ಸಿಗೆ ಹಚ್ಕೊಂಡಿದಾಳೆ" ಎಂದು ಸೇರಿಸುತ್ತಾರೆ. ಪಾಪ, ಆಕೆಗೆ ಆ ಫಿಲ್ಮಿನಲ್ಲಿ ಒಂದು ಚುಕ್ಕೆಯಾದರೂ ಬರಬಾರದಿತ್ತೇ ಅನ್ನಿಸಿರುತ್ತದೆ. ಚುಕ್ಕೆ ಇದ್ದರೆ ಕಾಯಿಲೆ, ಇಲ್ಲದಿದ್ದರೆ ನಾಟಕ ಎಂಬ ಲೆಕ್ಕಾಚಾರ ನಮ್ಮ ಮನೆಗಳಲ್ಲಿ ಬಲವಾಗಿದೆ.

ಹಾಗಾದರೆ ಇಷ್ಟು ವರ್ಷ, ಇಷ್ಟೊಂದು ದುಡ್ಡು ಸುರಿದು ವಿಜ್ಞಾನಿಗಳು ಖಿನ್ನತೆ ಇರುವವರ ಮಿದುಳನ್ನು ನೋಡಿದ್ದರಿಂದ ಏನು ಸಿಕ್ಕಿತು? ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವ ಪರೀಕ್ಷೆ ಸಿಗಲಿಲ್ಲ. ಚಿಕಿತ್ಸೆಯನ್ನು ಮಿದುಳಿನ ಎಲ್ಲಿಗೆ ತಲುಪಿಸಬೇಕು ಎಂಬುದರ ಸುಳಿವು ಸಿಕ್ಕಿತು. ನನ್ನ ಪ್ರಕಾರ ಈ ಎರಡನೆಯದು ಸಣ್ಣ ಗಳಿಕೆಯಲ್ಲ. ಇವತ್ತು ಹೆಚ್ಚು ಹೊತ್ತು ಅದನ್ನೇ ಹೇಳುವವನಿದ್ದೇನೆ.

ಆದರೆ ಕಥೆ ಶುರುವಾಗುವುದು ಸ್ಕ್ಯಾನಿಂಗ್‌ಗಿಂತ ಬಹಳ ಮುಂಚೆ, ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧದಿಂದ. ಇದರ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಮೂರು ವರ್ಷದ ನಂತರ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬಿಪಿಗೆಂದು ಅದನ್ನು ತೆಗೆದುಕೊಂಡ ಕೆಲವರು ಮಂಕಾದರು. ಪ್ರಯೋಗಾಲಯದಲ್ಲಿ ನೋಡಿದರೆ ರಿಸರ್ಪಿನ್, ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಸಂಗ್ರಹವನ್ನೇ ಬರಿದು ಮಾಡುತ್ತಿತ್ತು. ಅದೇ ಹೊತ್ತಿಗೆ ನ್ಯೂಯಾರ್ಕಿನ ಸೀ ವ್ಯೂ ಕ್ಷಯ ಆಸ್ಪತ್ರೆಯಲ್ಲಿ ಐಪ್ರೊನಯಾಜಿಡ್ ಎಂಬ ಟಿಬಿ ಔಷಧ ಪಡೆದ ರೋಗಿಗಳು ತಮ್ಮ ಸ್ಥಿತಿಗೆ ಹೊಂದದಷ್ಟು ಗೆಲುವಾದರು. ಅದು ಇವೇ ರಾಸಾಯನಿಕಗಳು ಒಡೆದುಹೋಗದಂತೆ ತಡೆಯುತ್ತಿತ್ತು. ಒಂದು ಔಷಧ ಬರಿದು ಮಾಡಿದರೆ ಮಂಕು, ಇನ್ನೊಂದು ಉಳಿಸಿದರೆ ಗೆಲುವು. ಅಂದಮೇಲೆ ಕೊರತೆಯೇ ಖಿನ್ನತೆಗೆ ಕಾರಣ ಇರಬೇಕು ಎಂಬ ವಾದ ಹುಟ್ಟಿತು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್ ವರ್ಗದ ರಾಸಾಯನಿಕಗಳ ಪರವಾಗಿ ಇದನ್ನು ಕ್ರಮಬದ್ಧವಾಗಿ ಮಂಡಿಸಿದರು. ಇಂಗ್ಲೆಂಡಿನಲ್ಲಿ ಅಲೆಕ್ ಕೊಪನ್ ಸಿರೊಟೋನಿನ್ ಕಡೆಗೆ ಬೆರಳು ತೋರಿಸಿದರು.

ಅಚ್ಚುಕಟ್ಟಾದ ವಾದ. ಆದರೆ ಬಹಳ ಬೇಗ ಬಿರುಕು ಬಿಟ್ಟಿತು. ಖಿನ್ನತೆಯ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸಿರೊಟೋನಿನ್ ಏರುಪೇರಾಗುತ್ತದೆ, ಮನಸ್ಸು ತಿಳಿಯಾಗುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ನಡುವಿನ ಅಷ್ಟು ದಿನ ಏನಾಗುತ್ತಿರುತ್ತದೆ? ರಿಸರ್ಪಿನ್ ತೆಗೆದುಕೊಂಡವರಲ್ಲಿ ನಿಜವಾದ ಖಿನ್ನತೆ ಅಂದುಕೊಂಡಷ್ಟು ಸಾಮಾನ್ಯವಾಗಿರಲಿಲ್ಲ ಎಂದು ಹಳೆಯ ವರದಿಗಳನ್ನು ಮತ್ತೆ ಕೆದಕಿದವರು ತೋರಿಸಿದರು. 2022ರಲ್ಲಿ ಲಂಡನ್ನಿನ ಜೊಆನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಅದುವರೆಗಿನ ಪುರಾವೆಗಳನ್ನೆಲ್ಲ ಒಟ್ಟುಮಾಡಿ, ಸಿರೊಟೋನಿನ್ ಕೊರತೆಯಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದರು. ವಾಟ್ಸ್ಆ್ಯಪ್‌ಗೆ ಬರುವಷ್ಟರಲ್ಲಿ ಅದು "ಡಿಪ್ರೆಶನ್ ಮಾತ್ರೆ ಎಲ್ಲಾ ಮೋಸ" ಎಂದಾಗಿತ್ತು. ಔಷಧ ಯಾಕೆ ಕೆಲಸ ಮಾಡುತ್ತದೆ ಎಂಬ ವಿವರಣೆ ತಪ್ಪಿರಬಹುದು, ಔಷಧ ಕೆಲಸ ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 522 ಪ್ರಯೋಗಗಳನ್ನು, 1,16,000ಕ್ಕೂ ಹೆಚ್ಚು ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅದರಲ್ಲಿದ್ದ 21 ಔಷಧಗಳೂ ಹುಸಿ ಮಾತ್ರೆಗಿಂತ ಮೇಲಾಗಿದ್ದವು. ಮಹಾ ಅಂತರವೇನಲ್ಲ, ಆದರೆ ಅಂತರ ಇತ್ತು. ದಯವಿಟ್ಟು ಯಾರೂ ನನ್ನ ಮಾತು ಕೇಳಿಕೊಂಡು ಮನೆಗೆ ಹೋಗಿ ಮಾತ್ರೆ ನಿಲ್ಲಿಸಬೇಡಿ.

ಇನ್ನು ಸ್ಕ್ಯಾನಿಂಗ್‌ಗೆ ಬರೋಣ.

ಪತ್ರಿಕೆಗಳಲ್ಲಿ ಮಿದುಳಿನ ಮೇಲೆ ಕೆಂಪು, ಹಳದಿ ಬಣ್ಣ ಉರಿಯುವ ಚಿತ್ರ ನೋಡಿರುತ್ತೀರಿ. ಅದು ಫೋಟೊ ಅಲ್ಲ. ನರಕೋಶಗಳು ದುಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ, ಆಮ್ಲಜನಕ ಇರುವ ಮತ್ತು ಕಳೆದುಕೊಂಡ ರಕ್ತ ಅಯಸ್ಕಾಂತಕ್ಕೆ ಬೇರೆ ಬೇರೆಯಾಗಿ ಸ್ಪಂದಿಸುತ್ತವೆ. ಜಪಾನಿನ ಸೇಜಿ ಒಗಾವಾ 1990ರಲ್ಲಿ ಇದನ್ನು ತೋರಿಸಿದರು, ಎರಡು ವರ್ಷದಲ್ಲಿ ಮನುಷ್ಯರ ಮೇಲೆ ಎಫ್‌ಎಂಆರ್‌ಐ ಶುರುವಾಯಿತು. ನೆನಪಿಡಿ, ಯಂತ್ರ ಅಳೆಯುವುದು ರಕ್ತವನ್ನು, ಯೋಚನೆಯನ್ನಲ್ಲ. ಮನೆಯ ಹೊರಗಿನ ಬೆಸ್ಕಾಂ ಮೀಟರ್ ಜೋರಾಗಿ ತಿರುಗುತ್ತಿದ್ದರೆ ಒಳಗೆ ಏನೋ ಓಡುತ್ತಿದೆ ಎನ್ನಬಹುದು, ಅದು ಗ್ರೈಂಡರೋ ಗೀಸರೋ ಎಂದು ಹೊರಗೆ ನಿಂತು ಹೇಳಲಾಗುವುದಿಲ್ಲ. ಬಣ್ಣವೂ ಯಂತ್ರದ್ದಲ್ಲ. ಎಷ್ಟು ವ್ಯತ್ಯಾಸ ಬಂದರೆ ಎಲ್ಲಿ ಕೆಂಪು ಹಾಕಬೇಕು ಎಂದು ಲೆಕ್ಕ ಮಾಡುವವರು ತೀರ್ಮಾನಿಸುತ್ತಾರೆ.

ಈ ಲೆಕ್ಕದಲ್ಲಿ ಎಡವುವುದು ಎಷ್ಟು ಸುಲಭ ಎನ್ನುವುದಕ್ಕೆ ಒಂದು ತಮಾಷೆಯ ಪ್ರಸಂಗವಿದೆ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನುಷ್ಯರ ಫೋಟೊ ತೋರಿಸಿ, ಈ ಜನರ ಮನಸ್ಥಿತಿ ಹೇಗಿದೆ ಹೇಳು ಎಂದು ಕೇಳಿದರು. ಆಕಸ್ಮಿಕವಾಗಿ ಕಾಣುವುದನ್ನು ಸೋಸಿ ತೆಗೆಯುವ ಅಂಕಿ-ಅಂಶಗಳ ತಿದ್ದುಪಡಿ ಮಾಡದೆ ನೋಡಿದರೆ ಸತ್ತ ಮೀನಿನ ಮಿದುಳಲ್ಲೂ "ಚಟುವಟಿಕೆ" ಕಂಡಿತು! 2012ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ನಕ್ಕುಬಿಡಬಹುದು, ಆದರೆ ಅಂಥ ತಿದ್ದುಪಡಿ ಇಲ್ಲದ ಪ್ರಬಂಧಗಳು ಆಗ ಬೇಕಾದಷ್ಟು ಪ್ರಕಟವಾಗುತ್ತಿದ್ದವು.

ಈಗ ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಕುತೂಹಲದ ಕಥೆ. ಜರ್ಮನಿಯ ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಮಿದುಳಿನ ಹೊರಪದರವನ್ನು ಭಾಗ ಮಾಡಿ ನಂಬರು ಕೊಟ್ಟಿದ್ದ. ಅದರಲ್ಲಿ 25ನೇ ನಂಬರು ಬಹುಕಾಲ ಯಾರೂ ಕೇಳದ ಜಾಗ. ಎರಡು ಹುಬ್ಬುಗಳ ನಡುವಿನಿಂದ ನೇರ ಒಳಕ್ಕೆ ಹೋದರೆ, ಮಿದುಳಿನ ಎಡ-ಬಲ ಹೋಳುಗಳು ಮುಖಾಮುಖಿಯಾಗುವ ಕಡೆ, ಕೆಳಭಾಗದಲ್ಲಿ ಸಿಗುತ್ತದೆ. 1997ರಲ್ಲಿ ವೇಯ್ನ್ ಡ್ರೆವೆಟ್ಸ್ ತಂಡ ನೇಚರ್ ಪತ್ರಿಕೆಯಲ್ಲಿ ಈ ಆಸುಪಾಸಿನ ಬಗ್ಗೆ ಬರೆಯಿತು. ವಂಶದಲ್ಲೇ ಖಿನ್ನತೆ ಇರುವ ರೋಗಿಗಳಲ್ಲಿ ಅಲ್ಲಿನ ಬೂದು ಭಾಗ ಸರಾಸರಿ ಶೇ 48ರಷ್ಟು ಕಡಿಮೆ ಎಂಬುದು ಅವರ ಲೆಕ್ಕ. ಈ ಶೇ 48 ನೆನಪಿರಲಿ.

1999ರಲ್ಲಿ ನರವೈದ್ಯೆ ಹೆಲೆನ್ ಮೇಬರ್ಗ್ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂದು ತಲುಪಿದರು. ಆರೋಗ್ಯವಂತರಿಗೆ ತಮ್ಮ ಬದುಕಿನ ದುಃಖದ ಘಟನೆ ನೆನೆಸಿಕೊಳ್ಳಲು ಹೇಳಿ ಪೆಟ್ ಎಂಬ ಇನ್ನೊಂದು ಬಗೆಯ ಸ್ಕ್ಯಾನ್ ತೆಗೆದರು. ದುಃಖ ಉಕ್ಕಿದಾಗ 25ನೇ ಜಾಗದಲ್ಲಿ ರಕ್ತ ಏರಿತು, ಯೋಚನೆ, ಯೋಜನೆಗಳಿಗೆ ಬೇಕಾದ ಹಣೆಯ ಮೇಲ್ಭಾಗದ ಪದರದಲ್ಲಿ ಇಳಿಯಿತು. ಇನ್ನೊಂದೆಡೆ, ಫ್ಲುಆಕ್ಸೆಟಿನ್ ಮಾತ್ರೆಯಿಂದ ಚೇತರಿಸಿಕೊಂಡ ಖಿನ್ನತೆಯ ರೋಗಿಗಳಲ್ಲಿ ಇದು ತಿರುಗುಮುರುಗಾಗಿತ್ತು. ಮೇಲಿನದು ಏರಿತ್ತು, 25 ಇಳಿದಿತ್ತು. ಒಂದು ರಾಸಾಯನಿಕದ ಕೊರತೆ ಎನ್ನುವ ಬದಲು, ಒಂದಕ್ಕೊಂದು ಜೋಡಿಸಿಕೊಂಡ ಭಾಗಗಳ ನಡುವಿನ ಹೊಂದಾಣಿಕೆ ಕೆಟ್ಟಿದೆ ಎಂದು ಯೋಚಿಸಲು ಇದು ದಾರಿ ಮಾಡಿತು.

ಮೇಬರ್ಗ್ ಅಲ್ಲಿಗೇ ನಿಲ್ಲಲಿಲ್ಲ. ಆ ಜಾಗ ಅತಿಯಾಗಿ ದುಡಿಯುತ್ತಿದ್ದರೆ ಅದನ್ನು ತಣ್ಣಗೆ ಮಾಡಿದರೆ ಹೇಗೆ? ಟೊರಾಂಟೊದ ಶಸ್ತ್ರಚಿಕಿತ್ಸಕ ಆಂಡ್ರೆಸ್ ಲೊಜಾನೊ ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ವಿದ್ಯುತ್ ತಂತಿ ಇಳಿಸುವುದರಲ್ಲಿ ಪಳಗಿದವರು. ಇಬ್ಬರೂ ಸೇರಿ, ಯಾವ ಮಾತ್ರೆಗೂ ಮಾತುಚಿಕಿತ್ಸೆಗೂ ಬಗ್ಗದ ಆರು ರೋಗಿಗಳ 25ನೇ ಜಾಗದ ಪಕ್ಕದ ಬಿಳಿ ನರತಂತುಗಳಿಗೆ ತಂತಿ ಇಳಿಸಿದರು. ಆಪರೇಷನ್ ಟೇಬಲ್ ಮೇಲೆ ರೋಗಿಗಳು ಎಚ್ಚರವಾಗಿಯೇ ಇದ್ದರು. ವಿದ್ಯುತ್ ಹರಿಸಿದಾಗ ಅವರು ಹೇಳಿದ್ದನ್ನು ವರದಿ ದಾಖಲಿಸಿದೆ. ಇದ್ದಕ್ಕಿದ್ದಂತೆ ಹಗುರವಾಯಿತು, ಒಳಗಿದ್ದ ಶೂನ್ಯ ಹೋಯಿತು ಎಂದವರಿದ್ದರು. ಕೋಣೆ ಬೆಳಗಿದ ಹಾಗೆ, ಬಣ್ಣಗಳು ಗಾಢವಾದ ಹಾಗೆ ಕೆಲವರಿಗೆ ಕಂಡಿತು. ಆರು ತಿಂಗಳ ನಂತರವೂ ಆರರಲ್ಲಿ ನಾಲ್ವರು ಚೇತರಿಕೆ ಉಳಿಸಿಕೊಂಡಿದ್ದರು. 2005ರಲ್ಲಿ ಇದು ಪ್ರಕಟವಾದಾಗ ದೊಡ್ಡ ಸುದ್ದಿಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಂದೆ ಕಂಪನಿಯೊಂದು 90 ರೋಗಿಗಳ ಮೇಲೆ ಸರಿಯಾದ ಪ್ರಯೋಗ ನಡೆಸಿತು. ಎಲ್ಲರಿಗೂ ತಂತಿ ಹಾಕಿ, 60 ಮಂದಿಗೆ ವಿದ್ಯುತ್ ಹರಿಸಿ, 30 ಮಂದಿಗೆ ಹರಿಸದೆ ಬಿಟ್ಟರು. ಯಾರಿಗೆ ಏನು ಎಂದು ರೋಗಿಗೂ ಗೊತ್ತಿಲ್ಲ, ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಆರು ತಿಂಗಳಿಗೆ ನೋಡಿದರೆ ವಿದ್ಯುತ್ ಪಡೆದವರಲ್ಲಿ ಶೇ 20, ಪಡೆಯದವರಲ್ಲಿ ಶೇ 17 ಮಂದಿ ಚೇತರಿಸಿಕೊಂಡಿದ್ದರು. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಪ್ರಯೋಗ ನಿಂತಿತು. ವಿಚಿತ್ರವೆಂದರೆ, ಆಮೇಲೆ ಎಲ್ಲರಿಗೂ ವಿದ್ಯುತ್ ಕೊಟ್ಟು ಎರಡು ವರ್ಷ ಕಾದಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಒಳ್ಳೆಯ ಚೇತರಿಕೆ ಕಂಡಿತು. ಆದರೆ ಆಗ ಹೋಲಿಸಿ ನೋಡಲು ಇನ್ನೊಂದು ಗುಂಪು ಉಳಿದಿರಲಿಲ್ಲ, ಹಾಗಾಗಿ ಅದನ್ನು ಪುರಾವೆ ಎನ್ನಲು ಬರುವುದಿಲ್ಲ.

ಎಡವಿದ್ದೆಲ್ಲಿ? ಆರು ತಿಂಗಳು ಸಾಲದೇ ಹೋಗಿರಬಹುದು. ಇನ್ನೊಂದು ಕಾರಣವನ್ನು ಸ್ಕ್ಯಾನಿಂಗೇ ತೋರಿಸಿತು. ನರತಂತುಗಳ ಹಾದಿಯನ್ನು ಗುರುತಿಸುವ ಒಂದು ಬಗೆಯ ಎಂಆರ್‌ಐ ಇದೆ. ಅದರಲ್ಲಿ ನೋಡಿದಾಗ, ಗುಣವಾದವರಲ್ಲಿ ತಂತಿಯ ತುದಿ ನಾಲ್ಕು ನರತಂತು ಕಟ್ಟುಗಳು ಸಂಧಿಸುವ ಕಡೆ ಇತ್ತು. ಈ ಸಂಧಿ ಒಬ್ಬೊಬ್ಬರಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ಮೊದಲೇ ಆಯಾ ರೋಗಿಯ ನಕ್ಷೆ ತೆಗೆದು ಅಲ್ಲಿಗೇ ಗುರಿಯಿಟ್ಟಾಗ, 2018ರ ವರದಿಯಂತೆ, 11 ಮಂದಿಯಲ್ಲಿ 9 ಮಂದಿ ಒಂದು ವರ್ಷದಲ್ಲಿ ಸುಧಾರಿಸಿದರು. ಚಿಕ್ಕ ಗುಂಪು, ಹುಸಿ ಚಿಕಿತ್ಸೆಯ ಹೋಲಿಕೆಯೂ ಇಲ್ಲ. ಹಾಗಾಗಿ ನಾನು ಇನ್ನೂ ಚಪ್ಪಾಳೆ ಹೊಡೆಯುತ್ತಿಲ್ಲ, ಕಾಯುತ್ತಿದ್ದೇನೆ.

ತಲೆಬುರುಡೆಗೆ ತೂತು ಕೊರೆಯದೆಯೇ ಇದೇ ಜಾಲವನ್ನು ಮುಟ್ಟುವ ಉಪಾಯವೂ ಇದೆ. ಟಿಎಂಎಸ್ ಎನ್ನುತ್ತೇವೆ. ಹಣೆಯ ಎಡ ಮೇಲ್ಭಾಗಕ್ಕೆ ಸುರುಳಿಯೊಂದನ್ನು ಹಿಡಿದು ಅಯಸ್ಕಾಂತೀಯ ಮಿಡಿತ ಕೊಡುವುದು. ನಿಮ್ಹಾನ್ಸ್‌ನಲ್ಲೂ ಇದೆ. ಮೊದಮೊದಲು ಅಳತೆಪಟ್ಟಿ ಇಟ್ಟು, ಇಷ್ಟು ಸೆಂಟಿಮೀಟರ್ ಮುಂದೆ ಎಂದು ಜಾಗ ಗೊತ್ತು ಮಾಡುತ್ತಿದ್ದರು. 2012ರಲ್ಲಿ ಬಾಸ್ಟನ್ನಿನ ಮೈಕೆಲ್ ಫಾಕ್ಸ್ ಒಂದು ಸಂಗತಿ ಗಮನಿಸಿದರು. 25ನೇ ಜಾಗ ಏರಿದಾಗ ಇಳಿಯುವ, ಅದು ಇಳಿದಾಗ ಏರುವ ಬಿಂದುಗಳು ಹಣೆಯ ಪದರದಲ್ಲಿವೆ, ಅಂಥ ಬಿಂದುವಿಗೆ ಹತ್ತಿರ ಮಿಡಿತ ಕೊಟ್ಟಷ್ಟೂ ಫಲ ಚೆನ್ನಾಗಿತ್ತು. ಸ್ಟ್ಯಾನ್‌ಫರ್ಡ್‌ನ ತಂಡ ಇದನ್ನೇ ಹಿಡಿದು, ಪ್ರತಿ ರೋಗಿಗೂ ಎಫ್‌ಎಂಆರ್‌ಐ ತೆಗೆದು ಬಿಂದು ಗುರುತಿಸಿ, ದಿನಕ್ಕೆ 10 ಸಲದಂತೆ ಐದು ದಿನ ಚಿಕಿತ್ಸೆ ಕೊಡುವ ಕ್ರಮ ರೂಪಿಸಿತು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸುಳಿವು ಸಿಕ್ಕಿತು ಎಂದು ಮೊದಲು ಹೇಳಿದ್ದು ಇದನ್ನೇ.

ಈಗ ಆ ಶೇ 48ಕ್ಕೆ ವಾಪಸ್ ಬರೋಣ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ 2016ರಲ್ಲಿ 1,728 ರೋಗಿಗಳ, 7,199 ಆರೋಗ್ಯವಂತರ ಎಂಆರ್‌ಐಗಳನ್ನು ಒಟ್ಟುಗೂಡಿಸಿ ಮಿದುಳಿನ ಆಳದ ಭಾಗಗಳನ್ನು ಅಳೆಯಿತು. ಎದ್ದು ಕಂಡದ್ದು ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್. ಖಿನ್ನತೆ ಮರುಕಳಿಸಿದವರಲ್ಲಿ, ಎಳೆಯ ವಯಸ್ಸಿನಲ್ಲೇ ಶುರುವಾದವರಲ್ಲಿ ಅದು ಚಿಕ್ಕದಾಗಿತ್ತು. ಎಷ್ಟು ಚಿಕ್ಕದು? ಒಟ್ಟಾರೆ ಸರಾಸರಿಯಲ್ಲಿ ಶೇ 1ಕ್ಕಿಂತ ತುಸು ಹೆಚ್ಚು. ಅಳೆದ ಜಾಗಗಳು ಬೇರೆ, ನಿಜ. ಆದರೆ ಕೆಲವೇ ಹತ್ತಾರು ಜನರನ್ನು ನೋಡಿದಾಗ ದೊಡ್ಡದಾಗಿ ಕಂಡದ್ದು ಸಾವಿರಗಟ್ಟಲೆ ಜನರನ್ನು ನೋಡಿದಾಗ ಕರಗುವುದು ಈ ಕ್ಷೇತ್ರದ ಮಾಮೂಲು. 2022ರಲ್ಲಿ ಜರ್ಮನಿಯಿಂದ ಇನ್ನೊಂದು ಅಧ್ಯಯನ ಬಂತು. 1,809 ಜನ, ಒಂದೇ ರೀತಿಯ ಅಳತೆ, ಮಿದುಳಿನ ಆಕಾರ, ಚಟುವಟಿಕೆ, ಜೋಡಣೆ ಎಲ್ಲವನ್ನೂ ನೋಡಿದರು. ಯಾವ ಒಂದು ಅಳತೆ ತೆಗೆದುಕೊಂಡರೂ ರೋಗಿಗಳ ಗುಂಪೂ ಆರೋಗ್ಯವಂತರ ಗುಂಪೂ ಶೇ 87ರಿಂದ 95ರಷ್ಟು ಒಂದರ ಮೇಲೊಂದು ಕೂರುತ್ತಿದ್ದವು. ಆ ಅಳತೆ ಹಿಡಿದು ಒಬ್ಬೊಬ್ಬರನ್ನೇ ಯಾವ ಗುಂಪು ಎಂದು ಊಹಿಸಿದರೆ ಶೇ 54ರಿಂದ 56 ಸರಿಯಾಗುತ್ತಿತ್ತು. ಕಣ್ಣು ಮುಚ್ಚಿ ಹೇಳಿದರೂ ಶೇ 50 ಸರಿಯಾಗುತ್ತದಲ್ಲ! ನಿಮ್ಮ ರಿಪೋರ್ಟ್ ನಾರ್ಮಲ್ ಬಂದದ್ದಕ್ಕೆ ಇದೇ ಕಾರಣ. ವ್ಯತ್ಯಾಸ ಇರುವುದು ಗುಂಪಿನ ಸರಾಸರಿಯಲ್ಲಿ, ಒಬ್ಬರ ಫಿಲ್ಮಿನಲ್ಲಿ ಅದು ಕಾಣುವಷ್ಟು ದೊಡ್ಡದಲ್ಲ.

ಇನ್ನೊಂದು ತೊಡಕು ಮನೋವೈದ್ಯರಾದ ನಾವು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿಯಲ್ಲೇ ಇದೆ. ಒಂಬತ್ತು ಲಕ್ಷಣಗಳಲ್ಲಿ ಐದು, ಎರಡು ವಾರ, ಅದರಲ್ಲಿ ಒಂದು ಬೇಸರ ಅಥವಾ ಆಸಕ್ತಿ ಕಳೆದುಕೊಳ್ಳುವುದು ಆಗಿರಲೇಬೇಕು. ಲೆಕ್ಕ ಹಾಕಿದರೆ 227 ಬಗೆಯಲ್ಲಿ ಒಬ್ಬರಿಗೆ ಖಿನ್ನತೆ ಇರಬಹುದು. ಒಬ್ಬರಿಗೆ ನಿದ್ದೆಯೇ ಇಲ್ಲ, ಊಟ ಸೇರುವುದಿಲ್ಲ. ಇನ್ನೊಬ್ಬರು ದಿನವಿಡೀ ಮಲಗುತ್ತಾರೆ, ತೂಕ ಏರಿದೆ. ಇಬ್ಬರದೂ ಒಂದೇ ಹೆಸರಿನ ಕಾಯಿಲೆ. ಇವರನ್ನೆಲ್ಲ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದು, ಒಂದೇ ಗುರುತು ಹುಡುಕಿದರೆ ಎಲ್ಲಿಂದ ಸಿಗಬೇಕು? ಒಳಗುಂಪುಗಳನ್ನು ಹುಡುಕುವ ಪ್ರಯತ್ನ ನಡೆದಿದೆ. 2017ರಲ್ಲಿ ನಾಲ್ಕು ಬಗೆ ಇದೆ ಎಂದರು, ಎರಡು ವರ್ಷದಲ್ಲಿ ಬೇರೊಂದು ತಂಡಕ್ಕೆ ಅದು ಮತ್ತೆ ಸಿಗಲಿಲ್ಲ.

ವಂಶವಾಹಿಗಳದ್ದೂ ಇದೇ ಹಾಡು, ಬೇಗ ಮುಗಿಸುತ್ತೇನೆ. 2003ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನ 847 ಜನರನ್ನು ನೋಡಿ, ಸಿರೊಟೋನಿನ್‌ಗೆ ಸಂಬಂಧಿಸಿದ ಒಂದು ಜೀನ್‌ನ ಗಿಡ್ಡ ರೂಪ ಇದ್ದವರು ಕಷ್ಟ ಬಂದಾಗ ಖಿನ್ನತೆಗೆ ಹೆಚ್ಚು ಬೀಳುತ್ತಾರೆ ಎಂದರು. ಅದರ ಬೆನ್ನಿಗೆ ನೂರಾರು ಪ್ರಬಂಧಗಳು ಬಂದವು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಜಾಲಾಡಿದಾಗ, ಅದೂ ಸೇರಿ ಹೆಸರುವಾಸಿಯಾಗಿದ್ದ 18 ಜೀನ್‌ಗಳ ಯಾವುದಕ್ಕೂ ವಿಶೇಷ ಬೆಂಬಲ ಸಿಗಲಿಲ್ಲ. 2025ರಲ್ಲಿ 29 ದೇಶಗಳ ಮಾಹಿತಿ ಸೇರಿಸಿ ಸುಮಾರು 700 ವ್ಯತ್ಯಾಸಗಳನ್ನು ಗುರುತಿಸಿದ್ದಾರೆ. ಒಂದೊಂದರ ಪಾಲು ಅತ್ಯಲ್ಪ. "ಖಿನ್ನತೆಯ ಜೀನ್" ಎಂಬುದು ಇಲ್ಲ.

ನಮ್ಮ ಬೆಂಗಳೂರಿನಲ್ಲೇ ಆದ ಒಂದು ಕೆಲಸವನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟ್ಟರ್ಜಿ ಮತ್ತು ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಸೇರಿ, ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ 10 ದಿನ ಅಲುಗಾಡದಂತೆ ಇಟ್ಟರು. ಇಲಿಗೆ ಇದು ದೊಡ್ಡ ಸಂಕಟ. ಹಿಪ್ಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾದವು. ಅದು ಆಗಲೇ ಗೊತ್ತಿದ್ದ ಸಂಗತಿ. ಹೊಸದೆಂದರೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಕವಲುಗಳು ಬೆಳೆದಿದ್ದವು. 2002ರಲ್ಲಿ ಇದು ಪ್ರಕಟವಾಯಿತು. ಎರಡು ವರ್ಷದ ನಂತರ ಅವರು ತೋರಿಸಿದ್ದು ಇನ್ನೂ ಯೋಚಿಸಬೇಕಾದದ್ದು. ಇಲಿಗಳಿಗೆ 21 ದಿನ ಬಿಡುವು ಕೊಟ್ಟರೂ ಅಮಿಗ್ಡಲಾದ ಆ ಬೆಳವಣಿಗೆ ಇಳಿಯಲಿಲ್ಲ, ಆತಂಕವೂ ಹೋಗಲಿಲ್ಲ. ಇಲಿಗೆ ಖಿನ್ನತೆ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ "ಕಷ್ಟ ಮುಗೀತಲ್ಲ, ಇನ್ನೂ ಯಾಕೆ ಹೀಗಿದೀಯ?" ಎಂದು ಕೇಳುವ ಬಂಧುಗಳಿಗೆ ಆ ಇಲಿಯ ಸಂಗತಿ ಹೇಳಬೇಕೆನ್ನಿಸುತ್ತದೆ. ಈ ಬದಲಾವಣೆ ನರಕೋಶದ ಕವಲಿನಲ್ಲಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಸಣ್ಣದು. ಆಸ್ಪತ್ರೆಯ ಎಂಆರ್‌ಐಗೆ ನಿಲುಕುವಂಥದ್ದಲ್ಲ.

ಸಭಿಕರ ಪ್ರಶ್ನೆಗಳು

ಕಾಲೇಜು ವಿದ್ಯಾರ್ಥಿನಿಯೊಬ್ಬರು: "ಸರ್, ಮಾತ್ರೆ ಒಳ್ಳೇದಾ ಕೌನ್ಸೆಲಿಂಗ್ ಒಳ್ಳೇದಾ ಅಂತ ಸ್ಕ್ಯಾನ್ ನೋಡಿ ಹೇಳೋಕಾಗುತ್ತಾ?"

ಒಳ್ಳೆಯ ಪ್ರಶ್ನೆ. ಮೇಬರ್ಗ್ ತಂಡವೇ 2013ರಲ್ಲಿ ಇದನ್ನು ನೋಡಿದೆ. ಚಿಕಿತ್ಸೆಗೆ ಮುಂಚಿನ ಪೆಟ್ ಸ್ಕ್ಯಾನ್‌ನಲ್ಲಿ ಇನ್ಸುಲಾ ಎಂಬ ಭಾಗದ ಚಟುವಟಿಕೆ ಕಡಿಮೆ ಇದ್ದವರು ಮಾತುಚಿಕಿತ್ಸೆಯಿಂದ, ಹೆಚ್ಚಿದ್ದವರು ಎಸಿಟಲೊಪ್ರಾಮ್ ಮಾತ್ರೆಯಿಂದ ಗುಣವಾಗುವ ಒಲವು ಕಂಡಿತು. ಆದರೆ ರೋಗಿಗಳು ಬಹಳ ಕಡಿಮೆ. ದಿನನಿತ್ಯದ ಬಳಕೆಗೆ ಬಂದಿಲ್ಲ. ಮುಂದೊಂದು ದಿನ ಸ್ಕ್ಯಾನಿಂಗ್ ಉಪಯೋಗಕ್ಕೆ ಬಂದರೆ ಇಂಥ ಆಯ್ಕೆಯಲ್ಲೇ ಬರಬಹುದು ಎಂದು ನನಗನ್ನಿಸುತ್ತದೆ.

ಒಬ್ಬ ಯುವಕ: "ಬ್ರೈನ್ ಮ್ಯಾಪಿಂಗ್ ಮಾಡಿ ಡಿಪ್ರೆಶನ್ ಕಂಡುಹಿಡೀತೀವಿ ಅಂತ ಜಾಹೀರಾತು ಬರ್ತವಲ್ಲ?"

ದುಡ್ಡು ಉಳಿಸಿಕೊಳ್ಳಿ. ಮಾನಸಿಕ ಕಾಯಿಲೆಯ ನಿರ್ಣಯಕ್ಕೆ ಮಿದುಳಿನ ಚಿತ್ರಗಳು ಇನ್ನೂ ಪ್ರಯೋಜನಕ್ಕೆ ಬರುವ ಹಂತದಲ್ಲಿಲ್ಲ ಎಂದು ಅಮೆರಿಕದ ಮನೋವೈದ್ಯರ ಸಂಘದ ತಜ್ಞರು 2018ರಲ್ಲಿ ಬರೆದಿದ್ದಾರೆ, ಆ ಸ್ಥಿತಿ ಈಗಲೂ ಬದಲಾಗಿಲ್ಲ. ನಿಮ್ಹಾನ್ಸ್ ಮುಂದಾಳುತನದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ 20ರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆ ಬರುತ್ತದೆ, ಅವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಮ್ಯಾಪಿಂಗ್ ಅಲ್ಲ, ಅರ್ಧ ಗಂಟೆ ಕೂರಿಸಿಕೊಂಡು ಕೇಳುವ ಒಬ್ಬ ವೈದ್ಯರು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಹಿರಿಯರೊಬ್ಬರು: "ಹಂಗಾದ್ರೆ ನನ್ನ ತಂಗಿಗೆ ಎಂಆರ್‌ಐ ಬರೆದುಕೊಟ್ಟಿದ್ದು ದಂಡವೇ?"

ಇಲ್ಲ ಯಜಮಾನ್ರೇ, ಹಾಗೆ ಹೇಳಲಾಗದು. ಖಿನ್ನತೆಯನ್ನು ಕಾಣುವುದಕ್ಕೆ ಯಾರೂ ಎಂಆರ್‌ಐ ಬರೆಯುವುದಿಲ್ಲ, ಖಿನ್ನತೆಯ ವೇಷದಲ್ಲಿ ಬೇರೆ ಏನಾದರೂ ಇದೆಯೇ ಎಂದು ನೋಡಲು ಬರೆಯುತ್ತಾರೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಬಂದದ್ದೇ? ಜೊತೆಗೆ ಮರೆವು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಬೆಳಿಗ್ಗೆ ವಾಂತಿಯೊಂದಿಗೆ ತಲೆನೋವು, ಸ್ವಭಾವವೇ ಬದಲಾಗಿರುವುದು ಇದೆಯೇ? ಇದ್ದರೆ ಸ್ಕ್ಯಾನ್ ಬೇಕೇ ಬೇಕು. ಲಕ್ವದ ಕಲೆಯೋ ಗೆಡ್ಡೆಯೋ ಸಿಗಬಹುದು. ಇದಾವುದೂ ಇಲ್ಲದಿದ್ದರೆ, ಬರೆದುಕೊಟ್ಟ ವೈದ್ಯರನ್ನೇ ಯಾತಕ್ಕೆ ಎಂದು ಕೇಳಿ, ಕೇಳಿದರೆ ತಪ್ಪೇನಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷೆ ಆಗಿದೆಯೇ ನೋಡಿ. ಥೈರಾಯ್ಡ್ ಕಡಿಮೆಯಾಗಿ ಮಂಕು ಹಿಡಿದು ಕೂತವರನ್ನು ಕಾಣುವುದು ನಮಗೆ ಅಪರೂಪವೇನಲ್ಲ. ಮತ್ತೆ, ಆಕೆ ಈಗ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ? ಆಸ್ತಮಾಗೋ ಕೀಲುನೋವಿಗೋ ಸ್ಟಿರಾಯ್ಡ್ ಇದ್ದರೆ ಅದರಿಂದಲೂ ಮನಸ್ಸು ಏರುಪೇರಾಗುತ್ತದೆ. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಕರೆದುಕೊಂಡು ಬನ್ನಿ, ನೋಡೋಣ.